ಬಾಣಂತನಕ್ಕೆ ಗಂಟೆಯ ಲೆಕ್ಕ

ನೆದರ್‌ಲೆಂಡ್ಸಿನಲ್ಲಿ ಬಸುರಿಗೆ 37 ವಾರ ತುಂಬುವ ಹೊತ್ತಿಗೆ ಮನೆಯ ಮಂಚ ಎತ್ತರವಾಗಿರಬೇಕು. ನೆಲದಿಂದ ಹಾಸಿಗೆಯ ಮೇಲ್ಭಾಗದವರೆಗೆ ಕಡಿಮೆಯೆಂದರೂ 70 ಸೆಂಟಿಮೀಟರ್, 80 ಆದರೆ ಇನ್ನೂ ಅನುಕೂಲ. ಮಂಚದ ಕಾಲುಗಳ ಕೆಳಗೆ ಕೊಡುವ ದಿಮ್ಮಿಗಳನ್ನು ಆರೈಕೆ ಸಾಮಾನಿನ ಅಂಗಡಿಯಿಂದ ಬಾಡಿಗೆಗೆ ತರಬಹುದು. ಆಸ್ಪತ್ರೆಯಲ್ಲೇ ಹೆರುತ್ತೇನೆ ಎಂದವರಿಗೂ ಇದು ತಪ್ಪಿದ್ದಲ್ಲ. ಹೆರಿಗೆ ಎಲ್ಲೇ ಆಗಲಿ, ತೊಂದರೆಯೇನೂ ಇಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಮನೆಗೆ ಕಳಿಸುತ್ತಾರೆ, ಬಾಣಂತನ ಮನೆಯಲ್ಲೇ. ಅದಕ್ಕೆಂದು ಬರುವ ಹೆಂಗಸು ಎಂಟು ದಿನ ಬಗ್ಗಿ ಬಗ್ಗಿ ಸೊಂಟ ಹಿಡಿಸಿಕೊಳ್ಳಬಾರದು ಎನ್ನುವುದು ಇಲ್ಲಿನ ಕೆಲಸಗಾರರ ಸುರಕ್ಷತೆಯ ನಿಯಮ. ಮಂಚ ತಗ್ಗಾಗಿದ್ದರೆ ಮಂಚದ ಮೇಲಿನ ಆರೈಕೆ ಮಾಡಲಾರೆ ಎಂದು ಆಕೆ ಹೇಳಬಹುದು, ಹೇಳುತ್ತಾಳೆ ಕೂಡ.

ನಮ್ಮಲ್ಲಿ ಬಾಣಂತನ ಮಾಡುವವಳ ಸೊಂಟದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿದ್ದಿಲ್ಲ. ಆಕೆ ಬಚ್ಚಲಿನಲ್ಲಿ ನಾಲ್ಕು ಬೆರಳೆತ್ತರದ ಮಣೆಯ ಮೇಲೆ ಕೂತು, ಕಾಲು ಚಾಚಿ, ಕಣಕಾಲುಗಳ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಎಣ್ಣೆ ಉಜ್ಜಿ ನೀರು ಹಾಕಬೇಕು. ಎದ್ದು ಬಾಣಂತಿಗೆ ಎರೆಯಬೇಕು. ಆಕೆಗೆ ಹೆಚ್ಚಾಗಿ ಐವತ್ತೈದು ದಾಟಿರುತ್ತದೆ, ಮಂಡಿನೋವು ಇರುತ್ತದೆ. ಆಕೆ ಬಾಣಂತಿಯ ಹೆತ್ತ ತಾಯಿ, ಹಾಗಾಗಿ ಅದು ಕೆಲಸ ಎಂದು ಯಾರಿಗೂ ಅನ್ನಿಸುವುದಿಲ್ಲ.

ಐಂಧೋವನ್, ಆಮ್ಸ್ಟೆಲ್ವೇನ್ ಕಡೆಯ ಕನ್ನಡಿಗರಲ್ಲಿ ಹೆರಿಗೆಯ ಮಾತು ಬಂದರೆ ಅದು ಒಂದೇ ಗೂಟಕ್ಕೆ ಸುತ್ತುತ್ತದೆ. ‘ಇಲ್ಲಿ ಮನೇಲೇ ಹೆರಿಗೆ ಮಾಡಿಸ್ತಾರಂತೆ, ಈ ಕಾಲದಲ್ಲಿ!’ ಎಂದು ಒಬ್ಬರು ಬೆಚ್ಚಿದರೆ, ‘ನಮ್ಮ ಅಜ್ಜಿ ಹತ್ತು ಹೆತ್ತಿರಲಿಲ್ವಾ’ ಎಂದು ಇನ್ನೊಬ್ಬರು. ನನ್ನ ತಕರಾರು ಈ ಚರ್ಚೆಯ ಬಗ್ಗೆಯೇ. ಹೆರುವ ಹನ್ನೆರಡು ಗಂಟೆಯ ಬಗ್ಗೆ ನಾವು ಆಡುವಷ್ಟು ಮಾತನ್ನು ಆಮೇಲಿನ ಹನ್ನೆರಡು ವಾರದ ಬಗ್ಗೆ ಆಡುವುದಿಲ್ಲ. ಡಚ್ಚರಿಂದ ಕಲಿಯುವುದಿದ್ದರೆ ಅದು ಈ ಎರಡನೆಯದರಲ್ಲಿದೆ. ಅವರು ನಮ್ಮಿಂದ ಕಲಿಯಬೇಕಾದ್ದೂ ಅಲ್ಲೇ ಇದೆ.

ಆದರೂ ಮನೆ ಹೆರಿಗೆಯ ವಿಷಯ ಮೊದಲು ಮುಗಿಸಿಬಿಡೋಣ, ತಪ್ಪು ತಿಳಿವಳಿಕೆ ಬಹಳ ಇದೆ. ಇಲ್ಲಿ ಬಸುರಿ ಮೊದಲು ಹೋಗುವುದು ಸ್ತ್ರೀರೋಗ ತಜ್ಞರ ಹತ್ತಿರ ಅಲ್ಲ, ಫೆರ್ಲೋಸ್ಕುಂದಿಗೆ ಎಂಬ ಸೂಲಗಿತ್ತಿಯ ಹತ್ತಿರ. ಈಕೆ ನಾಲ್ಕು ವರ್ಷದ ಪದವಿ ಓದಿದವಳು. ಯಾವ ಬಸುರಿ ತನ್ನ ಕೈಯಲ್ಲಿರಬಹುದು, ಯಾರನ್ನು ಆಸ್ಪತ್ರೆಗೆ ಒಪ್ಪಿಸಬೇಕು ಎನ್ನುವುದಕ್ಕೆ ದೇಶಕ್ಕೆಲ್ಲ ಒಪ್ಪಿತವಾದ ಒಂದು ಪಟ್ಟಿ ಇದೆ. ಅವಳಿ, ಅಡ್ಡ ಬಿದ್ದ ಮಗು, ಹಿಂದೆ ಸಿಜೇರಿಯನ್ ಆದದ್ದು, ಏರಿದ ರಕ್ತದೊತ್ತಡ, ಇನ್ಸುಲಿನ್ ಬೇಕಾಗುವ ಸಕ್ಕರೆ ಕಾಯಿಲೆ, 37 ವಾರಕ್ಕೆ ಮೊದಲೇ ಬಂದ ನೋವು: ಇವೆಲ್ಲ ನೇರ ಆಸ್ಪತ್ರೆಗೆ. ಉಳಿದವರಲ್ಲೂ ಮನೆಯಲ್ಲಿ ಹೆರುವವರು ಈಗ ಕಡಿಮೆಯಾಗಿದ್ದಾರೆ, ಒಟ್ಟು ಹೆರಿಗೆಗಳಲ್ಲಿ ಸುಮಾರು ಏಳಕ್ಕೆ ಒಂದು. ಚೊಚ್ಚಲ ಹೆರಿಗೆಯಲ್ಲಂತೂ ಸೂಲಗಿತ್ತಿಯ ಕೈಯಲ್ಲಿ ನೋವು ಶುರುವಾದವರಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಮಂದಿ ನಡುವೆಯೇ ಆಸ್ಪತ್ರೆ ಸೇರುತ್ತಾರೆ. ಹೆಚ್ಚಿನವರು ಗಾಬರಿಯ ಕಾರಣಕ್ಕಲ್ಲ. ಗರ್ಭಕೋಶದ ಬಾಯಿ ನಿಧಾನಕ್ಕೆ ತೆರೆಯುತ್ತಿದೆ, ಮಗುವಿನ ಸುತ್ತಲ ನೀರು ಹಸಿರಾಗಿದೆ, ಅಥವಾ ನೋವು ತಡೆಯಲಾಗದೆ ಎಪಿಡ್ಯೂರಲ್ ಎಂಬ ಬೆನ್ನಿನ ಚುಚ್ಚುಮದ್ದು ಬೇಕು ಎಂದು. ಮೊದಲ ಮಗುವಾದರೆ ನೋವು ಮೂರ್ನಾಲ್ಕು ನಿಮಿಷಕ್ಕೊಮ್ಮೆ, ಪ್ರತಿ ಸಲ ಒಂದು ನಿಮಿಷದಷ್ಟು, ಒಂದು ಗಂಟೆ ಕಾಲ ಬಿಡದೆ ಬಂದಾಗ ಫೋನ್ ಮಾಡಿ ಎನ್ನುತ್ತಾರೆ. ನೀರು ಹಸಿರು ಅಥವಾ ಕಂದು ಬಣ್ಣಕ್ಕಿದ್ದರೆ, ಕೆಂಪು ರಕ್ತ ಹೋದರೆ, ಮಗುವಿನ ಅಲುಗಾಟ ಕಡಿಮೆ ಅನ್ನಿಸಿದರೆ ಗಡಿಯಾರ ನೋಡುತ್ತ ಕೂರಬಾರದು, ತಕ್ಷಣ ಮಾಡಬೇಕು.

ಇದನ್ನು ಕರ್ನಾಟಕಕ್ಕೆ ಎತ್ತಿ ತಂದು ಇಡೋಣ ಎನ್ನುವವರಿಗೆ ಒಂದು ಮಾತು. ಈ ದೇಶದ ಮನೆ ಹೆರಿಗೆ ನಿಂತಿರುವುದು ಸೂಲಗಿತ್ತಿಯ ಮೇಲೆ ಮಾತ್ರವಲ್ಲ, ಸಪಾಟಾದ ನೆಲ, ಒಳ್ಳೆಯ ರಸ್ತೆ ಮತ್ತು 45 ನಿಮಿಷದೊಳಗೆ ಆಸ್ಪತ್ರೆ ಮುಟ್ಟಿಸಬೇಕೆಂಬ ಲೆಕ್ಕದ ಮೇಲೆ. ಮಾಸು ಬೀಳದೆ ರಕ್ತ ಹರಿಯತೊಡಗಿದರೆ ಆರೋಗ್ಯವಾಗಿದ್ದ ಹೆಂಗಸೂ ಒಂದೆರಡು ಗಂಟೆಯಲ್ಲಿ ಕೈಬಿಟ್ಟು ಹೋಗುತ್ತಾಳೆ. ಮಗು ಹೊರಬಂದ ಕೂಡಲೇ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಎಷ್ಟೋ ಜೀವ ಉಳಿಸಿದೆ, ಅದು ನಮ್ಮ ಹಳೆಯ ಸೂಲಗಿತ್ತಿಯರ ಕೈಯಲ್ಲಿ ಇರಲಿಲ್ಲ. 2001–03ರಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು, 2018–20ಕ್ಕೆ ಅದು 69ಕ್ಕೆ ಇಳಿಯಿತು. ತಾಯಿ ಕಾರ್ಡು, ಆಶಾ ಕಾರ್ಯಕರ್ತೆ, 108 ಆಂಬ್ಯುಲೆನ್ಸು, ಆಸ್ಪತ್ರೆ ಹೆರಿಗೆಗೆ ಸರ್ಕಾರ ಕೊಟ್ಟ ಹಣ ಇವೆಲ್ಲ ಸೇರಿ ಆದದ್ದು ಅದು. ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿರುವುದನ್ನು ಅಜ್ಜಿಯ ಕಾಲದ ಹಂಬಲದಲ್ಲಿ ಹೀಗಳೆಯುವುದು ಕೃತಘ್ನತೆ.

ಆಸ್ಪತ್ರೆಗೆ ಹೋದ ಮೇಲೆ ಏನಾಗುತ್ತಿದೆ ಎನ್ನುವುದು ಬೇರೆ ಪ್ರಶ್ನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆ ಸಿಜೇರಿಯನ್, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಇಲ್ಲಿ ಸುಮಾರು ಆರಕ್ಕೆ ಒಂದು. ಎಲ್ಲ ತಪ್ಪನ್ನೂ ಡಾಕ್ಟರ ಮೇಲೆ ಹೊರಿಸುವ ಅಗತ್ಯವಿಲ್ಲ. ನಕ್ಷತ್ರ ತಪ್ಪಿಸಲು, ಅಮಾವಾಸ್ಯೆಗೆ ಮುಂಚೆ ಮುಗಿಸಲು, ಒಳ್ಳೆಯ ಲಗ್ನ ಹಿಡಿಯಲು ಪಂಚಾಂಗ ಹಿಡಿದು ಹೋಗುವವರು ನಾವೇ. 39 ವಾರಕ್ಕೆ ಮೊದಲು ಕಾರಣವಿಲ್ಲದೆ ಕೊಯ್ದು ತೆಗೆದ ಮಗುವಿನ ಶ್ವಾಸಕೋಶದಲ್ಲಿ ನೀರು ಉಳಿದುಬಿಡುವ ಸಾಧ್ಯತೆ ಹೆಚ್ಚು. ನೋವು ತಿಂದು ಹುಟ್ಟುವಾಗ ಆಗುವ ಬದಲಾವಣೆ ಅದಕ್ಕೆ ಆಗಿರುವುದಿಲ್ಲ, ಏದುಸಿರು ಬಿಡುತ್ತ ಎರಡು ಮೂರು ದಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಬೇಕಾಗಬಹುದು. ಜಾತಕ ಚೆನ್ನಾಗಿಯೇ ಬಂದಿರುತ್ತದೆ.

ಆದರೆ ಡಚ್ಚರಿಗೂ ನೋವಿನ ಬಗ್ಗೆ ಒಂದು ಹುಚ್ಚು ಇದೆ, ಅದನ್ನು ಹೊಗಳಲಾರೆ. ನೋವು ಹೆರಿಗೆಯ ಭಾಗ, ತಡೆದುಕೋ ಎನ್ನುವುದು ಇಲ್ಲಿನ ಹಳೆಯ ಮನೋಭಾವ. ಬಿಸಿನೀರಿನ ತೊಟ್ಟಿ, ಉಸಿರಾಟ, ಬೆನ್ನಿಗೆ ಹಚ್ಚುವ ವಿದ್ಯುತ್ ಪಟ್ಟಿ, ಆಸ್ಪತ್ರೆಯಲ್ಲಾದರೆ ರೆಮಿಫೆಂಟಾನಿಲ್ ಎಂಬ ನೋವಿನ ಔಷಧದ ಪಂಪು, ಕೊನೆಗೆ ಎಪಿಡ್ಯೂರಲ್. ಕೇಳದೆ ಯಾರೂ ಕೊಡುವುದಿಲ್ಲ. ಎಪಿಡ್ಯೂರಲ್ ಬೇಕಾದರೆ ಅದನ್ನು ನೋವು ಬರುವ ಮೊದಲೇ, ಹೆರಿಗೆ ಹೇಗಿರಬೇಕೆಂದು ಬರೆದು ಕೊಡುವ ಒಂದು ಪುಟದ ಕಾಗದದಲ್ಲಿ ಮೊದಲ ಸಾಲಿಗೆ ಹಾಕಿ. ‘ನೋವು ತಿಂದವಳೇ ತಾಯಿ’ ಎನ್ನುವ ನಮ್ಮ ಮಾತಿಗೂ ಇವರ ಮೌನಕ್ಕೂ ಹೆಂಗಸಿನ ದೃಷ್ಟಿಯಿಂದ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಆ ಕಾಗದದಲ್ಲಿ. ಅಂಗಾತ ಮಲಗಿ ಹೆರಬೇಕೋ, ಹೆರುವ ಸ್ಟೂಲಿನ ಮೇಲೆ ಕುಕ್ಕರುಗಾಲಲ್ಲಿ ಕೂತೋ, ಕೋಣೆಯಲ್ಲಿ ಯಾರಿರಬೇಕು, ಹೊಕ್ಕುಳಬಳ್ಳಿ ಯಾರು ಕತ್ತರಿಸಬೇಕು ಎಂದು ಆಕೆಯನ್ನೇ ಕೇಳುತ್ತಾರೆ. ನಮ್ಮ ಅಜ್ಜಿಯರು ಕುಕ್ಕರುಗಾಲಲ್ಲೇ ಹೆತ್ತವರು. ಅದನ್ನು ಅನಾಗರಿಕವೆಂದು ಬಿಟ್ಟು, ಕಾಲು ಮೇಲೆ ಕಟ್ಟಿಸಿಕೊಂಡು ಮಲಗಿ ಹೆರುವುದನ್ನು ಆಧುನಿಕವೆಂದುಕೊಂಡೆವು. ಕೂತರೆ ಮಗುವಿನ ಭಾರ ಕೆಳಕ್ಕೆ ಎಳೆಯುತ್ತದೆ, ಮಲಗಿದರೆ ಅದನ್ನು ದಿಬ್ಬ ಹತ್ತಿಸಬೇಕು.

ನಮ್ಮಲ್ಲಿ ಸೂಲಗಿತ್ತಿ ಎಂಬ ಉದ್ಯೋಗ ಬೆಳೆಯಲೇ ಇಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಒಂದಕ್ಕೂ ದುಡ್ಡು ಕೇಳಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಆ ವರ್ಷದ ಕೊನೆಯಲ್ಲೇ ತೀರಿಕೊಂಡರು. ನಾವು ಅವರನ್ನು ತಾಯಿ ಎಂದು ಕರೆದೆವು, ಸನ್ಮಾನ ಮಾಡಿದೆವು. ಅವರ ಕೈಯ ತಿಳಿವಳಿಕೆಗೆ ಒಂದು ಪಾಠಶಾಲೆ, ಒಂದು ಸಂಬಳ, ಆಸ್ಪತ್ರೆಯೊಳಗೆ ಒಂದು ಕುರ್ಚಿ ಕೊಡಬಹುದಿತ್ತು.

ಈಗ ಆ ಎಂಟು ದಿನಕ್ಕೆ ಬರೋಣ.

ಕ್ರಾಮ್‌ಜೋರ್ಗ್ ಎಂದರೆ ಬಾಣಂತಿ ಆರೈಕೆ. ಇದು ಸಾಹುಕಾರರ ಸೌಕರ್ಯವಲ್ಲ. ದೇಶದಲ್ಲಿ ಎಲ್ಲರಿಗೂ ಕಡ್ಡಾಯವಾದ ಮೂಲ ಆರೋಗ್ಯ ವಿಮೆಯೊಳಗೇ ಇದೆ. ಹೆರಿಗೆಯಾದ ಮೇಲೆ ಒಟ್ಟು ಕನಿಷ್ಠ 24 ಗಂಟೆ, ಗರಿಷ್ಠ 80 ಗಂಟೆ. ಎದೆಹಾಲು ಕುಡಿಸುವವರಿಗೆ ಮಾಮೂಲಾಗಿ 49, ಬಾಟಲಿಯಾದರೆ 45, ಎಂಟು ದಿನಕ್ಕೆ ಹಂಚಿ. ಗಂಟೆಗೆ ಐದಾರು ಯುರೋ ನಿಮ್ಮ ಪಾಲು, ಉಳಿದದ್ದು ವಿಮೆಯದು. ಬಸುರಿಗೆ ಮೂರು ತಿಂಗಳು ತುಂಬುವಷ್ಟರಲ್ಲಿ ಹೆಸರು ಬರೆಸಬೇಕು. ಇತ್ತೀಚಿನ ವರ್ಷಗಳಲ್ಲಿ ಕೆಲಸದವರ ಕೊರತೆಯಿದೆ, ತಡವಾದರೆ ಗಂಟೆ ಕಡಿತವಾಗುತ್ತದೆ. ಏಳೆಂಟು ತಿಂಗಳಲ್ಲಿ ಅವರು ಮಾತಾಡಲು ಬರುತ್ತಾರೆ. ಮೆಟ್ಟಿಲು ಎಷ್ಟು, ಮನೆಯಲ್ಲಿ ಬೇರೆ ಮಗು ಇದೆಯೇ, ಯಾರು ಸಹಾಯಕ್ಕಿದ್ದಾರೆ ಎಂದು ಕೇಳುತ್ತಾರೆ. ‘ಅಮ್ಮ ಬರ್ತಾರೆ, ಎಲ್ಲ ನೋಡ್ಕೊಳ್ತಾರೆ’ ಎಂದು ಹಿಗ್ಗಿ ಹೇಳಿ ಗಂಟೆ ಕಡಿಮೆ ಮಾಡಿಸಿಕೊಳ್ಳುವುದು ನಮ್ಮವರು ಮಾಡುವ ಮೊದಲ ತಪ್ಪು.

ಆಕೆ ದಿನಕ್ಕೆ ಸುಮಾರು ಆರು ಗಂಟೆ ಇರುತ್ತಾಳೆ. ಬಾಣಂತಿಯ ಜ್ವರ, ನಾಡಿ ನೋಡುತ್ತಾಳೆ. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಹೊಕ್ಕುಳಿನಿಂದ ಎಷ್ಟು ಬೆರಳು ಕೆಳಗಿಳಿದಿದೆ ಎಂದು ಅಳೆಯುತ್ತಾಳೆ, ದಿನಕ್ಕೆ ಸುಮಾರು ಒಂದು ಬೆರಳು ಇಳಿಯಬೇಕು. ಇಳಿಯದೆ ಮೆತ್ತಗೆ ಉಳಿದು ರಕ್ತ ಹೆಚ್ಚಾದರೆ ಒಳಗೆ ಮಾಸಿನ ಚೂರು ಉಳಿದಿರಬಹುದು. ಹೊಲಿಗೆ, ಎದೆ, ಮೀನಖಂಡದ ಊತ ನೋಡುತ್ತಾಳೆ. ಮಗುವಿನ ಮೈಬಿಸಿ 36.5 ಮತ್ತು 37.5 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಮಗುವನ್ನು ತೂಗುತ್ತಾಳೆ, ಮೊದಲ ದಿನಗಳಲ್ಲಿ ನೂರಕ್ಕೆ ಏಳರವರೆಗೆ ಇಳಿಯುವುದು ಸಹಜ, ಹತ್ತು ಮುಟ್ಟಿದರೆ ಸೂಲಗಿತ್ತಿಗೆ ಫೋನ್. ಉಚ್ಚೆ ಮಾಡಿದ ಬಟ್ಟೆ ಎಣಿಸಿ ಬರೆಯುತ್ತಾಳೆ: ಮೊದಲ ದಿನ ಒಂದು, ಎರಡನೇ ದಿನ ಎರಡು, ಹೀಗೆ ಏರಿ ಐದನೇ ದಿನದಿಂದ ಆರು. ನಮ್ಮಲ್ಲಿ ‘ಹಾಲು ಸಾಲ್ತಿಲ್ಲ’ ಎಂದು ಮೂರನೇ ದಿನವೇ ಡಬ್ಬಿ ಹಾಲಿಗೆ ಹೋಗುವ ಮನೆಗಳಲ್ಲಿ ಈ ಎಣಿಕೆಯೊಂದಿದ್ದರೆ ಅರ್ಧ ಗಲಾಟೆ ತಪ್ಪುತ್ತದೆ. ಇಷ್ಟೆಲ್ಲ ಮಾಡಿ ಆಕೆ ಕಕ್ಕಸು ಬಚ್ಚಲು ತೊಳೆಯುತ್ತಾಳೆ, ಬಟ್ಟೆ ಯಂತ್ರಕ್ಕೆ ಹಾಕುತ್ತಾಳೆ, ಬಾಣಂತಿಗೆ ತಿಂಡಿ ಮಾಡುತ್ತಾಳೆ, ನೋಡಲು ಬಂದವರು ಎದ್ದು ಹೋಗುವಂತೆ ನಯವಾಗಿ ಗಡಿಯಾರ ನೋಡುತ್ತಾಳೆ. ಮೂರು ದಿನ ಕಳೆದ ಮೇಲೆ ಮಗುವಿನ ಹಿಮ್ಮಡಿ ಚುಚ್ಚಿ ಕೆಲವು ಹನಿ ರಕ್ತ ತೆಗೆದುಕೊಳ್ಳಲು ಬೇರೊಬ್ಬರು ಮನೆಗೇ ಬರುತ್ತಾರೆ. ಇಪ್ಪತ್ತೈದಕ್ಕೂ ಹೆಚ್ಚು ಹುಟ್ಟು ಕಾಯಿಲೆಗಳ ಪರೀಕ್ಷೆ ಅದು.

ತಿಂಡಿ ಎಂದರೆ, ಏನು ಹೇಳಲಿ, ತಣ್ಣಗಿನ ಬ್ರೆಡ್ಡು, ಚೀಸು, ಒಂದು ಲೋಟ ಫ್ರಿಜ್ಜಿನ ಹಾಲು. ಹಸಿ ಬಾಣಂತಿಗೆ! ಊರಿಂದ ಬಂದ ತಾಯಿಗೆ ಇದಕ್ಕಿಂತ ದೊಡ್ಡ ಆಘಾತ ಬೇಕಿಲ್ಲ. ಆದರೆ ಮಗು ಹುಟ್ಟಿದ ಮನೆಯಲ್ಲಿ ಬಂದವರಿಗೆಲ್ಲ ಕೊಡುವ ಬೆಸ್ಖೌಟ್ ಮೆಟ್ ಮೌಶೆಸ್ ಎಂಬ ರಸ್ಕಿನ ಮೇಲೆ ಬೆಣ್ಣೆ ಸವರಿ ಉದುರಿಸುವ ಬಣ್ಣದ ಸಕ್ಕರೆ ಕಾಳುಗಳ ಒಳಗಿರುವುದು ಸೋಂಪಿನ ತಂಗಿಯಂಥ ಆನಿಸ್ ಬೀಜ. ಅದು ಹಾಲು ಹೆಚ್ಚಿಸುತ್ತದೆ ಎಂಬ ನಂಬಿಕೆ ಇವರದು. ಬಾಣಂತಿಯ ಎಲೆ ಅಡಿಕೆಗೆ ಸೋಂಪು ಹಾಕುವ, ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡುವ ನಮ್ಮ ಮನೆಗಳಿಗೆ ಅದು ಪರಕೀಯವೇನಲ್ಲ.

ಅವರ ಪಾತ್ರೆಯಲ್ಲಿ ಏನಿದೆ ಎಂದಾಯಿತು. ನಮ್ಮದರಲ್ಲಿ?

ಬಾಣಂತನದ ಬೆನ್ನೆಲುಬು ಬಹಳ ಗಟ್ಟಿ. ಹೆತ್ತವಳನ್ನು ಒಲೆ ಕಸಬರಿಕೆಯಿಂದ ದೂರವಿಟ್ಟು, ತವರಿಗೆ ಕರೆಸಿ, ಮೂರು ತಿಂಗಳೋ ಐದು ತಿಂಗಳೋ ಬಿಸಿ ಊಟ ಹಾಕಿ ಮಲಗಿಸುವುದು ಪ್ರಪಂಚದ ಯಾವ ವಿಮೆಯೂ ಕೊಡದ ಸೌಲಭ್ಯ. ಮೆಣಸು, ಬೆಳ್ಳುಳ್ಳಿ, ಶುಂಠಿ, ಸಬ್ಬಸಿಗೆ, ತುಪ್ಪ. ಉತ್ತರ ಕರ್ನಾಟಕದಲ್ಲಾದರೆ ಅಂಟು, ಒಣಕೊಬ್ಬರಿ, ಉತ್ತುತ್ತಿ, ಬೆಲ್ಲ ಸೇರಿಸಿ ಕಟ್ಟಿದ ಅಂಟಿನುಂಡಿ. ರಕ್ತ ಕಳೆದುಕೊಂಡು ಎದೆಹಾಲು ಕೊಡುವವಳಿಗೆ ಬೇಕಾದ ಶಕ್ತಿ ಅದರಲ್ಲಿದೆ. ಮಗುವಿಗೆ ದಿನಾ ಎಣ್ಣೆ ನೀವುವುದೂ ಒಳ್ಳೆಯದೇ. ಡಚ್ಚರು ವಾರಕ್ಕೆ ಎರಡು ಮೂರು ಸಲ, 37 ಡಿಗ್ರಿಯ ನೀರಿನಲ್ಲಿ ಐದು ಹತ್ತು ನಿಮಿಷ ಅದ್ದಿ ತೆಗೆಯುವುದಕ್ಕಿಂತ ನಮ್ಮ ಕೂಸು ನೀರೆರೆಸಿಕೊಂಡು ಎರಡು ಗಂಟೆ ಮಲಗುವ ನಿದ್ದೆ ಸೊಗಸು.

ಕೆಟ್ಟದ್ದು ಎಲ್ಲಿ ಅಂಟಿಕೊಂಡಿದೆಯೆಂದರೆ, ಇದೇ ಸಾಲಿನಲ್ಲಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು: ಮೂಗಿನ ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗುತ್ತದೆ, ಅದು ಸಾಮಾನ್ಯ ಆಂಟಿಬಯೋಟಿಕ್ಕಿಗೆ ಬಗ್ಗುವುದಿಲ್ಲ. ಹುಟ್ಟಿದ ಮಗುವಿನ ಊದಿದ ಎದೆ ಹಿಂಡಿ ಹಾಲು ತೆಗೆಯುವುದು: ತಾಯಿಯ ಹಾರ್ಮೋನಿನಿಂದ ಬಂದ ಊತ ತಾನೇ ಇಳಿಯುತ್ತದೆ, ಹಿಂಡಿದರೆ ಕೀವಾಗುತ್ತದೆ. ಜೇನು ನೆಕ್ಕಿಸುವುದು: ವರ್ಷ ತುಂಬದ ಮಗುವಿನ ಕರುಳಲ್ಲಿ ಬೊಟುಲಿಸಂ ಬೀಜ ಮೊಳೆಯಬಹುದು. ಮೊದಲ ಹಳದಿ ಹಾಲು ಹಿಂಡಿ ಚೆಲ್ಲುವುದು. ಲೋಬಾನದ ಹೊಗೆಯಲ್ಲಿ ಹಿಡಿಯುವುದು. ತಲೆ ದುಂಡಗಾಗಲಿ ಎಂದು ರಾಗಿ ದಿಂಬು ಇಡುವುದು. ಇಲ್ಲಿ ಅದನ್ನು ಕಂಡರೆ ಆರೈಕೆಯವಳು ಕೈಯಾರೆ ತೆಗೆದಿಡುತ್ತಾಳೆ, ಸರಿಯಾಗಿಯೇ ಮಾಡುತ್ತಾಳೆ. ಮಗು ಅಂಗಾತ, ದಿಂಬಿಲ್ಲದೆ, ಕಾಲು ತೊಟ್ಟಿಲಿನ ಕೆಳಗಿನ ಅಂಚಿಗೆ ತಾಗುವಂತೆ ಮಲಗಬೇಕು.

ಮಗುವನ್ನು ಬೆಚ್ಚಗಿಡುವ ಉಪಾಯದಲ್ಲಿ ಎರಡೂ ಕಡೆಯವರ ಗುರಿ ಒಂದೇ, ಸಾಧನ ಬೇರೆ. ಮಲೆನಾಡಿನ ಮನೆಯಲ್ಲಿ ತೊಟ್ಟಿಲ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದರು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಇಲ್ಲಿ ಲೋಹದ ಬಿಸಿನೀರಿನ ಸೀಸೆ ಇಡುತ್ತಾರೆ. ಕುದಿಯುವ ನೀರನ್ನು ಕಂಠದವರೆಗೆ ತುಂಬಿ, ಮುಚ್ಚಳ ಬಿಗಿದು, ತಲೆಕೆಳಗು ಹಿಡಿದು ಸೋರುವುದಿಲ್ಲವೆಂದು ನೋಡಿ, ಬಟ್ಟೆಯ ಚೀಲದಲ್ಲಿ ಹಾಕಿ, ಹೊದಿಕೆಯ ಮೇಲೆ, ಮಗುವಿನಿಂದ 10 ಸೆಂಟಿಮೀಟರ್ ದೂರಕ್ಕೆ, ಮುಚ್ಚಳ ಮಗುವಿನ ಕಾಲಿನ ಕಡೆಗೆ ಬರುವಂತೆ. ರಬ್ಬರಿನ ಚೀಲ ಬೇಡ, ಸೀಳುತ್ತದೆ.

ಬಾಣಂತಿಯ ಪಥ್ಯವೂ ಹಾಗೆಯೇ. ನೀರು ಕುಡಿಯಬಾರದು ಎನ್ನುವುದು ಎಲ್ಲಿಂದ ಬಂತೋ. ಹಾಲಿನ ಬಹುಪಾಲು ನೀರೇ. ನೀರು ಕಟ್ಟಿದರೆ ಮಲಬದ್ಧತೆ, ಅದರಿಂದ ಹೊಲಿಗೆಗೆ ಎಳೆತ, ಉಚ್ಚೆಯ ಉರಿ, ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ. ಹೊಟ್ಟೆ ಕೊಯ್ದವಳಿಗೆ ಮೂರು ತಿಂಗಳು ಮಂಚ ಬಿಟ್ಟೇಳಬೇಡ ಎನ್ನುವುದಂತೂ ಈ ಹೆಪ್ಪಿಗೆ ಆಹ್ವಾನ. ಇನ್ನೊಂದು ಅಷ್ಟಾಗಿ ಗೊತ್ತಿಲ್ಲದ್ದು: ಬರೀ ಪಾಲಿಶ್ ಮಾಡಿದ ಅಕ್ಕಿಯ ಅನ್ನ, ತುಪ್ಪ, ಮೆಣಸಿನ ಸಾರು ಎಂದು ಕಾಳು ತರಕಾರಿ ಎಲ್ಲ ನಿಲ್ಲಿಸಿದರೆ ತಾಯಿಯ ಹಾಲಿನಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವ ತೀರ ಕಡಿಮೆಯಾಗುತ್ತದೆ. ಎರಡು ಮೂರು ತಿಂಗಳ ದುಂಡಗಿನ ಕೂಸು ಇದ್ದಕ್ಕಿದ್ದಂತೆ ಸ್ವರ ಕುಗ್ಗಿ, ಏದುಸಿರು ಬಿಟ್ಟು, ಹೃದಯ ಸೋತು ಆಸ್ಪತ್ರೆಗೆ ಬರುತ್ತದೆ. ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತದೆ, ತಿಳಿಯದಿದ್ದರೆ ಹೋಗಿಬಿಡುತ್ತದೆ. ಕರ್ನಾಟಕದ ಮಕ್ಕಳ ಹೃದ್ರೋಗ ವೈದ್ಯರು ಇಂಥವನ್ನು ಕಂಡು ದಾಖಲಿಸಿದ್ದಾರೆ. ರಾಗಿ, ಹೆಸರುಬೇಳೆ, ಸೊಪ್ಪು ತಿನ್ನುವ ಬಾಣಂತಿಯ ಮಗುವಿಗೆ ಈ ಭಯ ಬಹಳ ಕಡಿಮೆ.

ಪುರುಡಿನ ಬಗ್ಗೆ ನನ್ನ ಮನಸ್ಸು ಎರಡಾಗುತ್ತದೆ. ಹತ್ತು ಹನ್ನೊಂದು ದಿನ ಯಾರೂ ಮುಟ್ಟದೆ, ನೆಂಟರು ಮುತ್ತದೆ ಇರುವುದು ಹಸುಗೂಸಿಗೆ ರಕ್ಷಣೆಯೇ. ಡಚ್ಚರು ನೋಡಲು ಬರುವವರಿಗೆ ಹೊತ್ತು ಗೊತ್ತುಮಾಡಿ ಒಂದು ಗಂಟೆಯೊಳಗೆ ಎಬ್ಬಿಸಿ ಕಳಿಸುವುದೂ ಅದಕ್ಕೇ. ಆದರೆ ನಾವು ಆ ಬಿಡುವನ್ನು ಕೊಟ್ಟದ್ದು ‘ದಣಿದಿದ್ದಾಳೆ’ ಎಂದಲ್ಲ, ‘ಮೈಲಿಗೆಯಾಗಿದ್ದಾಳೆ’ ಎಂದು. ಆ ಹೆಸರಿಗೆ ಬೆಲೆ ತೆರಬೇಕಾಗುತ್ತದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಕಾರಣಕ್ಕೆ ಬಾಣಂತಿಯನ್ನು ಊರಾಚೆಯ ಗುಡಿಸಲಿನಲ್ಲಿ ಇಟ್ಟಿದ್ದರು. ಮಳೆಗಾಳಿಯ ಶೀತಕ್ಕೆ ಕೂಸು ತೀರಿಕೊಂಡಿತು. ಬಾಣಂತಿಗೆ ಕೊಡುವ ಜಾಗ ಗೌರವದಿಂದ ಕೊಟ್ಟದ್ದೋ ಹೇಸಿಗೆಯಿಂದಲೋ ಎನ್ನುವುದು ಆ ಜಾಗಕ್ಕೆ ಮಾಡು ಇದೆಯೇ ಎನ್ನುವುದರಲ್ಲಿ ತಿಳಿಯುತ್ತದೆ.

ಮನಸ್ಸಿನ ವಿಷಯ ಬಂದಾಗ ನಮ್ಮಲ್ಲಿ ಇರುವುದು ಒಂದೇ ಶಬ್ದ, ಬಾಣಂತಿ ಸನ್ನಿ. ಸೀರೆ ಬಿಚ್ಚಿ ಓಡುವಷ್ಟು ಆದಾಗ ಮಾತ್ರ ನಮಗೆ ಕಾಣುತ್ತದೆ. ಅಂಥದ್ದು ಸಾವಿರಕ್ಕೆ ಒಂದೋ ಎರಡೋ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ; ಅದು ಮಂತ್ರಿಸಿದ ತಾಯಿತದ ಕೆಲಸವಲ್ಲ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕಾದ ತುರ್ತು. ಅದರ ಕೆಳಗೆ ಇನ್ನೆರಡು ಮೆಟ್ಟಿಲಿವೆ. ಮೂರನೇ ದಿನದ ಸುಮಾರಿಗೆ ಹಾಲು ಇಳಿಯುವಾಗ ಕಾರಣವಿಲ್ಲದೆ ಬರುವ ಅಳು; ಡಚ್ಚರು ಅದಕ್ಕೆ ಬಾಣಂತಿ ಕಣ್ಣೀರು ಎಂದೇ ಹೆಸರಿಟ್ಟಿದ್ದಾರೆ, ಎರಡು ವಾರದೊಳಗೆ ಹೋಗುತ್ತದೆ. ಹೋಗದೆ ನಿದ್ದೆ, ಹಸಿವು, ಮಗುವಿನ ಮೇಲಿನ ಅಕ್ಕರೆ ಎಲ್ಲ ಬತ್ತಿದರೆ ಅದು ಖಿನ್ನತೆ. ಎಡಿನ್‌ಬರ್ಗ್ ಮಾಪಕ ಎಂಬ ಹತ್ತು ಪ್ರಶ್ನೆಗಳ ಹಾಳೆಯಿದೆ. ಕಳೆದ ಏಳು ದಿನ ಹೇಗಿದ್ದೆ ಎಂದು ಕೇಳುತ್ತದೆ, 30ಕ್ಕೆ 13 ಮುಟ್ಟಿದರೆ ವೈದ್ಯರನ್ನು ಕಾಣಬೇಕು. ಹತ್ತನೆಯ ಪ್ರಶ್ನೆ ತನಗೆ ತಾನೇ ಕೆಡುಕು ಮಾಡಿಕೊಳ್ಳುವ ಯೋಚನೆಯದು, ಅದಕ್ಕೆ ಹೌದು ಎಂದರೆ ಒಟ್ಟು ಎಷ್ಟೇ ಬರಲಿ ಕಾಯಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಿಭಾಗವಿದೆ, ತಾಯಿಯನ್ನು ಗುಣಪಡಿಸಲು ಮಗುವನ್ನು ಅಗಲಿಸಬೇಕಿಲ್ಲ. ನಮ್ಮ ಬಾಣಂತನ ಹೆಂಗಸನ್ನು ಒಂಟಿಯಾಗಿ ಬಿಡುವುದಿಲ್ಲ, ಅದು ದೊಡ್ಡ ಕಾಪು. ಆದರೆ ಹೆಣ್ಣು ಹುಟ್ಟಿತೆಂದು ಹಾಲು ತರುವವನೂ ಮುಖ ಚಿಕ್ಕದು ಮಾಡುವ ಕಡೆ, ಸುತ್ತ ಹತ್ತು ಜನ ಇರುವುದೇ ಹಿಂಸೆ. ಇಲ್ಲಿ 20ನೇ ವಾರದ ಸ್ಕ್ಯಾನ್ ಮಾಡುವಾಗ ‘ಗಂಡೋ ಹೆಣ್ಣೋ ಹೇಳಲೇ?’ ಎಂದು ಕೇಳುತ್ತಾರೆ. ನಮ್ಮಲ್ಲಿ 1994ರ ಕಾನೂನಿನಂತೆ ಹೇಳುವುದೇ ಅಪರಾಧ. ಆ ಕಾನೂನು ಯಾಕೆ ಬೇಕಾಯಿತು ಎಂದು ಸೂಲಗಿತ್ತಿ ಕೇಳಿದರೆ ಉತ್ತರಿಸುವುದು ಸುಲಭವಲ್ಲ.

ಒಂಬತ್ತನೇ ದಿನ ಬೆಳಗ್ಗೆ ಆರೈಕೆಯವಳು ಬರುವುದಿಲ್ಲ. ಡಚ್ ವ್ಯವಸ್ಥೆ ಸೋಲುವುದು ಇಲ್ಲಿ. ಎಂಟು ದಿನ ರಾಣಿಯಾಗಿದ್ದವಳು ಏಕಾಏಕಿ ಒಂಟಿ. ಹೆರಿಗೆ ರಜೆ ಒಟ್ಟು 16 ವಾರ, ಅದರಲ್ಲಿ ನಾಲ್ಕರಿಂದ ಆರು ವಾರ ಹೆರಿಗೆಗೆ ಮೊದಲೇ ಹೋಗುತ್ತದೆ. ಮೂರು ತಿಂಗಳ ಕೂಸನ್ನು ಶಿಶುವಿಹಾರಕ್ಕೆ ಬಿಟ್ಟು, ಕೆಲಸದ ಕಡೆ ಎದೆಹಾಲು ತೆಗೆದಿಡುವ ಕೋಣೆ ಹುಡುಕಬೇಕು. ಭಾರತದ ಕಾನೂನು 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಕೊಡುತ್ತದೆ, ಈ ವಿಷಯದಲ್ಲಿ ನಾವೇ ಮುಂದೆ. ಆದರೆ ಅದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಕೆಲಸ ಮಾಡುವವರಿಗೆ. ಗದ್ದೆಯಲ್ಲಿ ನಾಟಿ ಮಾಡುವವಳಿಗೆ, ಮನೆಗೆಲಸದವಳಿಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ. ಗಂಡನಿಗೆ ಇಲ್ಲಿ ಒಂದು ವಾರ ಪೂರ್ತಿ ಸಂಬಳದ ರಜೆ, ಮೇಲೆ ಐದು ವಾರ ನೂರಕ್ಕೆ 70ರಷ್ಟು. ನಮ್ಮಲ್ಲಿ ಖಾಸಗಿ ಕೆಲಸದವನಿಗೆ ಕಾನೂನಿನಲ್ಲಿ ಏನೂ ಇಲ್ಲ. ಅವನು ಶನಿವಾರ ಬಸ್ಸು ಹತ್ತಿ ಬಂದು, ಮಾವನ ಮನೆಯಲ್ಲಿ ಹೋಳಿಗೆ ಉಂಡು, ಮಗುವನ್ನು ದೂರದಿಂದ ನೋಡಿ ಭಾನುವಾರ ರಾತ್ರಿ ಹೊರಡುವ ಅತಿಥಿ.

ಇಲ್ಲಿ ಆರೈಕೆಯವಳು ಗಂಡನಿಗೇ ಮೊದಲು ಕಲಿಸುತ್ತಾಳೆ, ಬಟ್ಟೆ ಬದಲಿಸುವುದು, ಸ್ನಾನ, ತೇಗು ಬರಿಸುವುದು. ಕಲಿಯುತ್ತಾನೆ. ಆಮೇಲೆ ಅತ್ತೆ ಬಂದು ‘ನಿಮಗ್ಯಾಕೆ ಇದೆಲ್ಲ, ಬಿಡಿ ನಾನು ಮಾಡ್ತೀನಿ’ ಎಂದ ಕೂಡಲೇ ಮರೆಯುತ್ತಾನೆ. ಇದು ಪ್ರೀತಿಯಿಂದಲೇ ಆಡಿದ ಮಾತು. ಆದರೆ ಆಕೆ 90 ದಿನಕ್ಕೆ ವಾಪಸು ಹೋಗಲೇಬೇಕು, ಯುರೋಪಿಗೆ ಬರುವವರ ಷೆಂಗೆನ್ ವೀಸಾ ಅಷ್ಟೇ ಕೊಡುವುದು. 38ನೇ ವಾರಕ್ಕೆ ಬಂದಿಳಿದರೆ ಗೊತ್ತಾದ ದಿನಕ್ಕೆ ಹೆರಿಗೆಯಾದಲ್ಲಿ ಆಮೇಲೆ 76 ದಿನ ಉಳಿಯುತ್ತವೆ. ಇಲ್ಲಿ 42 ವಾರದವರೆಗೂ ಕಾಯುವುದುಂಟು, ಆಗ 62. ಎಂಟು ದಿನಕ್ಕೆ 49 ಗಂಟೆ ಎಂದು ವಿಮೆ ಲೆಕ್ಕ ಹಾಕುವ ಕೆಲಸವನ್ನು ಆಕೆ ದಿನಕ್ಕೆ ಹತ್ತು ಗಂಟೆಯಂತೆ 76 ದಿನ ಮಾಡಿದರೆ 760 ಗಂಟೆ. ಭಾಷೆ ಬಾರದ ಊರು, ನಾಲ್ಕೂವರೆಗೆ ಕತ್ತಲಾಗುವ ಡಿಸೆಂಬರ್, ಮಾತಾಡಲು ಓರಗೆಯವರಿಲ್ಲ, ಇಂಡಕ್ಷನ್ ಒಲೆ.

ಹಾಗಾಗಿ ಕರೆಸುವವರಿಗೆ ಕೆಲವು ನೇರ ಮಾತು. ಅಮ್ಮ ಬರುತ್ತಾರೆಂದು ಕ್ರಾಮ್‌ಜೋರ್ಗಿನ ಗಂಟೆ ಬಿಡಬೇಡಿ. ಆ ಎಂಟು ದಿನ ಅಳತೆ, ತೂಕ, ಹೊಲಿಗೆ ಆರೈಕೆಯವಳದು, ಅಡುಗೆ ಅಮ್ಮನದು ಎಂದು ಮೊದಲ ದಿನವೇ ಇಬ್ಬರನ್ನೂ ಕೂರಿಸಿ ಹೇಳಿ. ಹೇಳದಿದ್ದರೆ ಕಿಟಕಿ ತೆರೆಯುವವಳಿಗೂ ಮುಚ್ಚುವವರಿಗೂ ನಡುವೆ ಬಾಣಂತಿ ಸಿಕ್ಕಿಹಾಕಿಕೊಳ್ಳುತ್ತಾಳೆ. ಮಗುವಿನ ಸ್ನಾನ ಗಂಡನಿಗೇ ಇರಲಿ, ಎಣ್ಣೆ ನೀವುವುದು ಅಜ್ಜಿಗಿರಲಿ, ಅದೂ ನೆಲದ ಮೇಲಲ್ಲ, ಸೊಂಟದೆತ್ತರದ ಮೇಜಿನ ಮೇಲೆ. ಊರಿಂದ ತುಪ್ಪ ತರಿಸಬೇಡಿ, ಹಾಲಿನ ಪದಾರ್ಥಗಳನ್ನು ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಇಲ್ಲಿನ ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಕಾಯಿಸಿದರೆ 200 ಗ್ರಾಂ ಹತ್ತಿರ ಒಳ್ಳೆಯ ತುಪ್ಪ ಬರುತ್ತದೆ. ಕರಿಬೇವೂ ಬೇಡ. ಸಬ್ಬಸಿಗೆ ಎಲ್ಲ ಅಂಗಡಿಯಲ್ಲೂ ಹಸಿಯಾಗಿಯೇ ಸಿಗುತ್ತದೆ, ಡಿಲ್ಲೆ ಎಂದು ಕೇಳಿ. ಹೆಸರನ್ನು ಮೊದಲೇ ಗೊತ್ತುಮಾಡಿಕೊಂಡಿರಿ. ಊರಿನಲ್ಲಿ ಜನನ ನೋಂದಣಿಗೆ 21 ದಿನ ಸಮಯವಿದೆ, ಹೆಸರನ್ನು ಆಮೇಲೂ ಸೇರಿಸಬಹುದು. ಇಲ್ಲಿನ ಪುರಸಭೆಗೆ ಹುಟ್ಟಿದ ಮೂರು ದಿನದೊಳಗೆ ಹೆಸರಿನ ಸಮೇತ ಹೋಗಬೇಕು, ನಾಮಕರಣದ ತನಕ ಕಾಯುವುದಿಲ್ಲ. ಅಮ್ಮನ ಮಾತ್ರೆ ಮೂರು ತಿಂಗಳಿಗೆ ಆಗುವಷ್ಟು ಚೀಟಿಯ ಸಮೇತ ತರಿಸಿ. ವೀಸಾಕ್ಕೆಂದು ಮಾಡಿಸುವ 30,000 ಯುರೋ ವಿಮೆ ಮೊದಲಿನಿಂದ ಇರುವ ಬಿಪಿ, ಶುಗರಿಗೆ ಹೆಚ್ಚಾಗಿ ಒದಗುವುದಿಲ್ಲ. ಮತ್ತೆ ವಾರಕ್ಕೊಂದು ದಿನ ಆಕೆ ಅಡುಗೆಮನೆಗೆ ಹೋಗದ ಹಾಗೆ ನೋಡಿಕೊಳ್ಳಿ. ಆ ದಿನ ಅಳಿಯ ಮಾಡಿದ ಸಾರು ಸಪ್ಪೆಯಾಗಿದ್ದರೆ ಉಪ್ಪು ಹಾಕಿಕೊಂಡು ಉಣ್ಣಲಿ.